ತಣ್ಣನೆ ಮನೆಯಲ್ಲಿ ಆಫ್ರಿಕನ್ ವಯಲೆಟ್: ಚಳಿಗಾಲಕ್ಕೆ ಬತ್ತಿ ನೀರು ಹದ ಮಾಡಿದ್ದು

ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಪುಟ್ಟ ಹೂಗಿಡ ಆಫ್ರಿಕನ್ ವಯಲೆಟ್ ಚಳಿಗಾಲದಲ್ಲಿ ಒಣಗಿ ಸಾಯುವುದು ಕಡಿಮೆ. ಕೊಳೆತು ಸಾಯುವುದೇ ಜಾಸ್ತಿ. ಮನೆ ತಣ್ಣಗಿದ್ದರಂತೂ ಬೇಸಿಗೆಯಲ್ಲಿ ಸರಿಯಾಗಿದ್ದ ನೀರಿನ ಲೆಕ್ಕವೇ ಗಿಡಕ್ಕೆ ಮುಳುವಾಗುತ್ತದೆ. ನನ್ನಲ್ಲಿರುವ ಆರು ಗಿಡಗಳಿಗೆ ಈ ಚಳಿಗಾಲ ಒಂದು ನೀರಿನ ವ್ಯವಸ್ಥೆ ಮಾಡಿದೆ: ಕೆಳಗಿನ ಡಬ್ಬಿಯಿಂದ ದಾರದ ಬತ್ತಿಯೊಂದು ಕುಂಡಕ್ಕೆ ನೀರೆಳೆಯುವುದು. ಒಂದೇ ಏಟಿಗೆ ಆಗಲಿಲ್ಲ. ಯಾವುದು ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮೊದಲು ಪರಿಸ್ಥಿತಿ ಹೇಳಿಬಿಡುತ್ತೇನೆ. ಕೋಣೆ ಹಗಲಲ್ಲಿ 17–18 ಡಿಗ್ರಿ ಸೆಲ್ಸಿಯಸ್, ರಾತ್ರಿ 12–13. ರಾತ್ರಿಯಿಡೀ ಹೀಟರ್ ಹಾಕುವ ಮಾತಿಲ್ಲ. ಈ ಗಿಡಕ್ಕೆ ಹಿತವಾಗುವುದು 18ರಿಂದ 24 ಡಿಗ್ರಿ. 15ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತಂತೆಯೇ. 10ಕ್ಕಿಂತ ಕೆಳಗೆ ಹೋದರೆ ಎಲೆಗೇ ಪೆಟ್ಟು. ನಮ್ಮ ಮನೆಯಂಥ ಕಡೆ ಗಿಡ ಬದುಕಿರುತ್ತದೆ, ಆದರೆ ನೀರು ಕುಡಿಯುವುದು ತೀರಾ ಕಡಿಮೆ. ಹಾಕಿದ ನೀರೆಲ್ಲ ಬೇರಿನ ಸುತ್ತ ಸುಮ್ನೆ ನಿಂತಿರುತ್ತದೆ.

ನಾಲ್ಕು ಗಿಡ 10 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಕುಂಡದಲ್ಲಿವೆ. ಎರಡು ಅದೇ ಅಳತೆಯ ಮಣ್ಣಿನ ಕುಂಡದಲ್ಲಿವೆ. ಸಾಮಾನು ಅಂದರೆ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ದಿನದ ಗರಿಷ್ಠ-ಕನಿಷ್ಠ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್, ಮಣ್ಣಿಗೆ ಚುಚ್ಚುವ ಇನ್ನೊಂದು ಥರ್ಮಾಮೀಟರ್, ಮುಚ್ಚಳವಿರುವ ಎತ್ತರದ ಪ್ಲಾಸ್ಟಿಕ್ ಡಬ್ಬಿಗಳು, ಅಕ್ರಿಲಿಕ್ ಉಲ್ಲನ್ ದಾರ, ದಪ್ಪ ಸೂಜಿ, ಥರ್ಮಾಕೋಲ್ ಹಲಗೆ, ಮಾರ್ಕರ್ ಪೆನ್ನು. ದುಡ್ಡು ಕೊಟ್ಟು ತಂದಿದ್ದು ತಕ್ಕಡಿ ಮತ್ತು ಥರ್ಮಾಮೀಟರ್ ಮಾತ್ರ. ಉಳಿದಿದ್ದೆಲ್ಲ ಮನೆಯಲ್ಲೇ ಬಿದ್ದಿತ್ತು.

ಹಂತ 1: ಚಳಿ ಎಲ್ಲಿದೆ ಅಂತ ಹುಡುಕಿದ್ದು

ಕೋಣೆ ಮಧ್ಯದ ಥರ್ಮಾಮೀಟರ್ ನಂಬಿ ಪ್ರಯೋಜನವಿಲ್ಲ. ಗಿಡ ಇರುವ ಜಾಗದಲ್ಲಿ ಎಷ್ಟಿದೆ ಅನ್ನುವುದು ಮುಖ್ಯ. ಕಿಟಕಿ ಕಟ್ಟೆಯ ಮೇಲೆ, ಗಾಜಿನಿಂದ ನಾಲ್ಕು ಬೆರಳು ದೂರದಲ್ಲಿ ಇಟ್ಟು ನೋಡಿದೆ. ಕೋಣೆ ಮಧ್ಯೆ 13 ಇದ್ದ ರಾತ್ರಿ ಅಲ್ಲಿ 9.5ಕ್ಕೆ ಇಳಿದಿತ್ತು. ಗಾಜಿಗೆ ತಾಗಿಕೊಂಡಿದ್ದ ಎಲೆಗಳು ಕೆಳಮುಖವಾಗಿ ಮುದುಡಿ, ಕುಂಡದ ಅಂಚನ್ನು ತಬ್ಬಿಕೊಂಡಂತೆ ಇದ್ದವು. ಬೆರಳಿನಿಂದ ಮೆಲ್ಲಗೆ ಎತ್ತಿದರೂ ಪಟ್ ಅಂತ ಮುರಿಯುವಷ್ಟು ಬಿರುಸು. ನೀರು ಸಾಲದೆ ಜೋತಿದೆ ಅಂತ ಅನಿಸುವುದು ಸಹಜ, ಆದರೆ ಜೋತ ಎಲೆ ಮೆತ್ತಗಿರುತ್ತದೆ. ಚಳಿಗೆ ಮುದುಡಿದ ಎಲೆ ಗಟ್ಟಿಯಾಗಿರುತ್ತದೆ. ನೀರಿನ ಕ್ಯಾನ್ ಎತ್ತುವ ಮುಂಚೆ ಎಲೆ ಮುಟ್ಟಿ ನೋಡುವುದು ಒಳ್ಳೆಯದು.

ಆಮೇಲೆ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದ ಅಳತೆ ಇದು. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಪ್ಲಾಸ್ಟಿಕ್ ಕುಂಡದ ಮಣ್ಣು 15 ಡಿಗ್ರಿ, ಒದ್ದೆಯಾಗಿದ್ದ ಮಣ್ಣಿನ ಕುಂಡದ ಒಳಗೆ 13. ಮಣ್ಣಿನ ಕುಂಡ ಗೋಡೆಯಿಂದಲೂ ನೀರು ಆರಿಸುತ್ತದೆ, ಆರುವಾಗ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಅದು ವರ. ತಣ್ಣನೆ ಮನೆಯಲ್ಲಿ ಬೇರಿಗೆ ಎರಡು ಡಿಗ್ರಿ ಹೆಚ್ಚುವರಿ ಚಳಿ. "ಮಣ್ಣಿನ ಕುಂಡ ಬೇಗ ಆರುತ್ತದೆ, ಆದ್ದರಿಂದ ಚಳಿಗೆ ಒಳ್ಳೆಯದು" ಅನ್ನುವ ಮಾತಿಗೆ ನಾನು ಈಗ ಒಪ್ಪುವುದಿಲ್ಲ.

ಎಲ್ಲ ಗಿಡಗಳನ್ನೂ ಕಿಟಕಿ ಕಟ್ಟೆಯಿಂದ ತೆಗೆದು, ಒಳಗೋಡೆಗೆ ಒರಗಿದ ಶೆಲ್ಫಿನ ಮಧ್ಯದ ಅಂತಸ್ತಿಗೆ ತಂದೆ. ಬೆಳಕಿಗೆ ಮೇಲಿನಿಂದ ಎಲ್‌ಇಡಿ ಟ್ಯೂಬ್, ದಿನಕ್ಕೆ 12 ಗಂಟೆ. ಎಲೆಯಿಂದ 30 ಸೆಂ.ಮೀ. ಎತ್ತರದಲ್ಲಿದೆ. ಟ್ಯೂಬ್ ಉರಿಯುವಾಗ ಎಲೆಗಳ ಹತ್ತಿರ ಒಂದೆರಡು ಡಿಗ್ರಿ ಜಾಸ್ತಿ ಇರುತ್ತದೆ, ಅದು ಬೋನಸ್ಸು.

ಹಂತ 2: ಒದ್ದೆ ಮಣ್ಣಲ್ಲಿ ಜೋತ ಗಿಡ

ಒಂದು ಗಿಡ ಮಾತ್ರ ನಿಜಕ್ಕೂ ಜೋತಿತ್ತು. ಎಲೆ ಮೆತ್ತಗೆ, ತೊಟ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮಣ್ಣು ಮುಟ್ಟಿದರೆ ಒದ್ದೆ. ಮಣ್ಣು ಒದ್ದೆ, ಗಿಡ ಬಾಡಿದೆ ಅಂದರೆ ಬೇರು ಹೋಗಿದೆ ಅಂತಲೇ ಲೆಕ್ಕ. ಅಂಥ ಗಿಡಕ್ಕೆ ಇನ್ನೊಂದು ಲೋಟ ನೀರು ಹಾಕಿದರೆ ಕತೆ ಮುಗಿಯಿತು.

ಕುಂಡದಿಂದ ಬಿಡಿಸಿದೆ. ಚೆನ್ನಾಗಿರುವ ಬೇರು ಬೆಳ್ಳಗೆ, ಕೂದಲಿನಷ್ಟು ಸಣ್ಣಗೆ ಇರುತ್ತದೆ. ಇಲ್ಲಿ ಕೆಳಗಿನ ಅರ್ಧವೆಲ್ಲ ಕಂದು. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಜಾರಿ ಬೆರಳಿಗೇ ಬಂತು, ಒಳಗಿನ ನೂಲಿನಂಥ ಎಳೆಯೊಂದು ಗಿಡದಲ್ಲೇ ಉಳಿಯಿತು. ಇದು ಬೇರು ಕೊಳೆ. ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿ ತಣ್ಣನೆ ಒದ್ದೆ ಮಣ್ಣಲ್ಲಿ ಮಾಡುವ ಕೆಲಸ ಸಾಮಾನ್ಯವಾಗಿ ಹೀಗೇ ಕಾಣುತ್ತದೆ.

ಮಾಡಿದ್ದು ಇಷ್ಟು. ಕೊಳೆತ ಬೇರೆಲ್ಲ ತೆಗೆದೆ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಾಂಡವನ್ನು ಕೆಳಗಿನಿಂದ ಚೂರುಚೂರೇ ಕೊಯ್ಯುತ್ತಾ ಬಂದೆ. ಮೊದಲ ಎರಡು ಬಿಲ್ಲೆಗಳಲ್ಲಿ ನಡುವೆ ಕಂದು ಚುಕ್ಕೆ ಇತ್ತು. ಮೂರನೆಯದು ಪೂರ್ತಿ ತಿಳಿ ಹಸಿರು. ಅಲ್ಲಿಗೆ ನಿಲ್ಲಿಸಿದೆ. ಚುಕ್ಕೆ ಕಂಡರೂ "ಸಾಕು ಬಿಡು" ಅಂತ ನಿಲ್ಲಿಸಿದರೆ ಕೊಳೆ ಸುಳಿಯ ತನಕ ಏರುತ್ತದೆ, ಆಗ ಉಳಿಸಲು ಏನೂ ಇರುವುದಿಲ್ಲ. ಹೊರಸುತ್ತಿನ ಎಲೆ ತೆಗೆದು, ಸುಳಿಯ ಸುತ್ತ ಎಂಟೊಂಬತ್ತು ಎಲೆ ಉಳಿಸಿ, 6 ಸೆಂ.ಮೀ. ಕುಂಡದಲ್ಲಿ ತೇವ ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಜೊತೆ ಚೂರು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ನೆಟ್ಟೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಬಾಯಿ ಕಟ್ಟಿದೆ. ಇದನ್ನು ಮಾತ್ರ ತಣ್ಣನೆ ಕೋಣೆಯಲ್ಲಿ ಬಿಡಲಿಲ್ಲ. ಹೊಸ ಬೇರು ಬರಬೇಕಾದರೆ 20 ಡಿಗ್ರಿಯ ಆಸುಪಾಸು ಬೇಕೇ ಬೇಕು. ಸದಾ ಸ್ವಲ್ಪ ಬಿಸಿ ಇರುವ ವೈಫೈ ರೂಟರ್ ಪಕ್ಕದ ಹಲಗೆಯ ಮೇಲೆ ಅದಕ್ಕೆ ಜಾಗ ಸಿಕ್ಕಿತು.

ತೆಗೆದ ಹೊರ ಎಲೆಗಳಲ್ಲಿ ಗಟ್ಟಿಯಾಗಿದ್ದ ಎರಡನ್ನು ಎಸೆಯಲಿಲ್ಲ. ತೊಟ್ಟನ್ನು 3 ಸೆಂ.ಮೀ. ಬಿಟ್ಟು ಓರೆಯಾಗಿ ಕೊಯ್ದು ಅದೇ ಮಿಶ್ರಣದಲ್ಲಿ ನೆಟ್ಟೆ. ತಾಯಿ ಗಿಡ ಹೋದರೂ ತಳಿ ಉಳಿಯಲಿ ಅಂತ.

ಹಂತ 3: ತಕ್ಕಡಿ

ಬೆರಳಿಟ್ಟು ನೋಡಿ ನೀರು ಹಾಕುವುದು ಬೇಸಿಗೆಗೆ ಸಾಕು. ಚಳಿಯಲ್ಲಿ ಬೆರಳಿಗೆ ಮೋಸವಾಗುತ್ತದೆ. ತಣ್ಣನೆ ಒಣ ಮಣ್ಣೂ ಒದ್ದೆ ಅನ್ನಿಸುತ್ತದೆ. ಮೇಲಿನ ಪದರ ಒಣಗಿ ತಳ ಕೆಸರಾಗಿರುವುದೂ ಉಂಟು. ತೂಕ ಸುಳ್ಳು ಹೇಳುವುದಿಲ್ಲ.

ಪ್ಲಾಸ್ಟಿಕ್ ಕುಂಡದ ಒಂದು ಗಿಡವನ್ನು ಮಾದರಿಗೆ ತೆಗೆದುಕೊಂಡೆ. ನೀರು ತುಂಬಿ, ತೊಟ್ಟಿಕ್ಕುವುದು ನಿಂತ ಮೇಲೆ 330 ಗ್ರಾಂ. ಮೇಲಿನ 2 ಸೆಂ.ಮೀ. ಒಣಗಿ, ಮಣ್ಣಿನ ಬಣ್ಣ ತಿಳಿಯಾದಾಗ 230. ಬೇಸಿಗೆಯಲ್ಲಿ ಎಲೆ ಸ್ವಲ್ಪ ಸಡಿಲವಾಗಿದ್ದು 190ರ ಹತ್ತಿರ. ಹಾಗಾಗಿ 230 ಅಂದರೆ "ಈಗ ನೀರು ಕೊಡಬಹುದು" ಅನ್ನುವ ತೂಕ. ಪ್ರತಿ ಕುಂಡಕ್ಕೂ ಹೀಗೇ ಎರಡು ಅಂಕಿ ಹಿಡಿದು, ಅಂಟುಪಟ್ಟಿಯ ಮೇಲೆ ಬರೆದು ಕುಂಡಕ್ಕೇ ಅಂಟಿಸಿದೆ. ಕುಂಡಕುಂಡಕ್ಕೂ ಅಂಕಿ ಬೇರೆ. ಗಿಡ ದೊಡ್ಡದಾಗುತ್ತಾ ಹೋದಂತೆ ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು.

330ರಿಂದ 230ಕ್ಕೆ ಇಳಿಯಲು ಬೇಸಿಗೆಯಲ್ಲಿ ಒಂದು ವಾರ ಸಾಕಾಗಿತ್ತು. ಈ ಕೋಣೆಯಲ್ಲಿ, ಈ ಚಳಿಯಲ್ಲಿ, ಎರಡು ವಾರ ದಾಟಿ ಹೋಯಿತು. "ವಾರಕ್ಕೊಮ್ಮೆ ನೀರು" ಅಂತ ಕ್ಯಾಲೆಂಡರ್ ನೋಡಿ ಹಾಕುವವರ ಗಿಡ ಯಾಕೆ ಕೊಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ ಅಲ್ವಾ. ಅರ್ಧವೂ ಖಾಲಿಯಾಗದ ಕುಂಡಕ್ಕೆ ಮತ್ತೆ ತುಂಬುತ್ತಾ ಹೋಗಿರುತ್ತಾರೆ.

ಹಂತ 4: ನೀರಿನ ಬಿಸಿ

ಕ್ಯಾನಿನಲ್ಲಿ ತುಂಬಿಟ್ಟ ನೀರು ಬೆಳಗ್ಗೆ 12 ಡಿಗ್ರಿ ಇತ್ತು. ಟ್ಯೂಬ್ ಕೆಳಗಿನ ಎಲೆ 20ರ ಹತ್ತಿರ. ಹಳೆಯ, ಹೇಗೂ ಕಿತ್ತುಹಾಕಬೇಕಿದ್ದ ಎಲೆಯೊಂದರ ಮೇಲೆ ಆ ನೀರಿನ ನಾಲ್ಕು ಹನಿ ಬಿಟ್ಟು ನೋಡಿದೆ. ಮಾರನೆಯ ದಿನಕ್ಕೆ ಹನಿ ಕೂತಿದ್ದ ಕಡೆ ತಿಳಿ ಹಳದಿ ಉಂಗುರ. ಹನಿಯ ಆಕಾರವೇ ಅಚ್ಚೊತ್ತಿದಂತಿತ್ತು. ಎಲೆಯ ಬಿಸಿ ಥಟ್ಟನೆ ಇಳಿದಾಗ ಮೇಲುಪದರದ ಕೆಳಗಿನ ಹಸಿರು ಕೋಶಗಳು ಒಡೆದು ಹೀಗಾಗುತ್ತದೆ. ಬಿದ್ದ ಉಂಗುರ ಮಾಯುವುದಿಲ್ಲ, ಆ ಎಲೆ ಉದುರುವವರೆಗೂ ಇರುತ್ತದೆ.

ಪಕ್ಕದ ಎಲೆಯ ಮೇಲೆ 23 ಡಿಗ್ರಿ ನೀರು ಬಿಟ್ಟೆ. ಏನೂ ಆಗಲಿಲ್ಲ. ಎಲೆಗೆ ನೀರು ತಾಗಲೇಬಾರದು ಅಂತ ಹೇಳುವುದುಂಟು. ತಾಗಬಾರದ್ದು ತಣ್ಣೀರು. ಉಗುರುಬೆಚ್ಚಗಿನ ನೀರಲ್ಲಿ ಎಲೆಯ ಧೂಳು ತೊಳೆಯಬಹುದು. ಆದರೆ ಸುಳಿಯಲ್ಲಿ ನೀರು ನಿಲ್ಲಬಾರದು. ನಿಂತರೆ ಟಿಶ್ಯೂ ಕಾಗದದ ಮೂಲೆಯನ್ನು ಸುರುಳಿ ಮಾಡಿ ತಾಗಿಸಿದರೆ ಎಳೆದುಕೊಳ್ಳುತ್ತದೆ.

ಅಂದಿನಿಂದ ಕ್ಯಾನಿಗೆ ಸ್ವಲ್ಪ ಬಿಸಿನೀರು ಬೆರೆಸಿ 22–25 ಡಿಗ್ರಿಗೆ ತಂದು ಹಾಕುತ್ತೇನೆ. ಹಾಕುವುದು ಬೆಳಗ್ಗೆಯೇ. ಸಂಜೆ ಹಾಕಿದರೆ ಎಲೆ, ಸುಳಿ, ಮೇಲ್ಮಣ್ಣು ಎಲ್ಲ ಒದ್ದೆಯಾಗಿಯೇ ರಾತ್ರಿಯ ಚಳಿಗೆ ಸಿಗುತ್ತವೆ.

ಹಂತ 5: ತಟ್ಟೆ ನೀರು, ಒದ್ದೆ ಚಾಪೆ

ತಟ್ಟೆಯಲ್ಲಿ 2 ಸೆಂ.ಮೀ. ನೀರು ಹಾಕಿ, ಕುಂಡವನ್ನು ಅರ್ಧ ಗಂಟೆ ಕೂರಿಸಿ, ಉಳಿದ ನೀರು ಚೆಲ್ಲುವುದು. ಇದು ಕೆಲಸ ಮಾಡುತ್ತದೆ. ತಕ್ಕಡಿ ಜೊತೆಗಿದ್ದರೆ ಒಂದೆರಡು ಗಿಡಕ್ಕೆ ಇಷ್ಟೇ ಸಾಕು, ಮುಂದಿನ ಹಂತಗಳೇ ಬೇಡ. ತೊಂದರೆ ಅಂದರೆ ಕುಂಡ ತುಂಬುವುದು ಪೂರ್ತಿ 330ಕ್ಕೆ. ತಣ್ಣನೆ ಕೋಣೆಯಲ್ಲಿ ಅಲ್ಲಿಂದ ಇಳಿಯಲು ಬಹಳ ಹೊತ್ತು, ಅಷ್ಟೂ ದಿನ ತಳ ಒದ್ದೆ. ಹಾಗಾಗಿ ಪೂರ್ತಿ ನೆನೆಸದೆ, ತಕ್ಕಡಿಯ ಮೇಲೇ ಕುಂಡವಿಟ್ಟು ಅಂಚಿನಿಂದ ಬೆಚ್ಚಗಿನ ನೀರು 50 ಗ್ರಾಂ ಮಾತ್ರ ಹಾಕಿ 280ಕ್ಕೆ ನಿಲ್ಲಿಸುವುದನ್ನೂ ಮಾಡಿದೆ. ಅದೂ ಚೆನ್ನಾಗಿಯೇ ನಡೆಯಿತು. ಆದರೆ ಮನೆಯಲ್ಲಿ ಇಲ್ಲದ ದಿನಗಳಿಗೆ ಏನಾದರೂ ಬೇಕಿತ್ತು.

ಒದ್ದೆ ಚಾಪೆ, ಅಂದರೆ ಟ್ರೇಯಲ್ಲಿ ದಪ್ಪ ಬಟ್ಟೆ ಹಾಸಿ ಒದ್ದೆ ಮಾಡಿ ಕುಂಡಗಳನ್ನು ಅದರ ಮೇಲಿಡುವುದು, ಚಳಿಗೆ ಆಗಿಬರಲಿಲ್ಲ. ಬಟ್ಟೆ ಆರುತ್ತಾ ಇಡೀ ಟ್ರೇ ತಣ್ಣಗಾಯಿತು. ಪಾಚಿ ಬಂತು. ಒದ್ದೆ ಮಣ್ಣಿನ ಸುತ್ತ ಹಾರುವ ಸಣ್ಣ ಕರಿ ನೊಣಗಳೂ ಬಂದವು. ತೆಗೆದು ಹಾಕಿದೆ.

ಹಂತ 6: ಬತ್ತಿ

ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ದಾರ ಕೆಳಗಿನ ಡಬ್ಬಿಯಿಂದ ನೀರನ್ನು ಕುಂಡದೊಳಗೆ ಎಳೆಯುತ್ತದೆ. ವಯಲೆಟ್ ಬೆಳೆಸುವವರಲ್ಲಿ ಇದು ಹಳೆಯ ಪದ್ಧತಿ. ಬೆಚ್ಚಗಿನ ಮನೆಗೆ ಹೇಳಿ ಮಾಡಿಸಿದ್ದು. ತಣ್ಣನೆ ಮನೆಯಲ್ಲಿ ಇದರ ಒಂದು ಗುಣವೇ ದೋಷವಾಗುತ್ತದೆ: ಗಿಡ ಕುಡಿಯಲಿ ಬಿಡಲಿ, ಬತ್ತಿ ಮಣ್ಣನ್ನು ತೇವವಾಗಿಯೇ ಇಡುತ್ತದೆ.

ಮಣ್ಣಿನ ಮಾತು ಮೊದಲು. ತೋಟದ ಮಣ್ಣಿಗೆ ಬತ್ತಿ ಹಾಕಿದರೆ ಕೆಸರೇ. ಈ ಗಿಡದ ಮೂಲ ಪೂರ್ವ ಆಫ್ರಿಕಾದ ಟಾಂಜಾನಿಯಾ ಮತ್ತು ಕೀನ್ಯಾ. ಉಸಾಂಬರಾ ಬೆಟ್ಟಗಳ ನೆರಳಲ್ಲಿ, ಪಾಚಿ ಕಟ್ಟಿದ ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ. 1892ರಲ್ಲಿ ಅಲ್ಲಿ ಜರ್ಮನ್ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಕಣ್ಣಿಗೆ ಬಿದ್ದು, ಮರುವರ್ಷ ಅವರ ಹೆಸರಲ್ಲೇ ಸೇಂಟ್‌ಪಾಲಿಯಾ ಆಯಿತು. (2015ರಿಂದ ಸಸ್ಯಶಾಸ್ತ್ರದವರು ಇದನ್ನು ಸ್ಟ್ರೆಪ್ಟೋಕಾರ್ಪಸ್ ಕುಲಕ್ಕೆ ಸೇರಿಸಿದ್ದಾರೆ. ಚೀಟಿಯಲ್ಲಿ ಯಾವ ಹೆಸರಿದ್ದರೂ ಗಿಡ ಅದೇ.) ಬಂಡೆ ಸಂದಿಯ ಬೇರಿಗೆ ತೇವದ ಜೊತೆ ಗಾಳಿಯೂ ಬೇಕು. ಅದಕ್ಕೇ ಬತ್ತಿ ಕುಂಡಕ್ಕೆ ಅರ್ಧ ಭಾಗ ಪರ್ಲೈಟ್, ಉಳಿದರ್ಧದಲ್ಲಿ ತೊಳೆದ ಕೋಕೋಪೀಟ್ ಮತ್ತು ಸ್ವಲ್ಪ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಖನಿಜದ ಚೂರು). ಕೋಕೋಪೀಟಿನಲ್ಲಿ ಉಪ್ಪು ಇರುತ್ತದೆ, ನೀರು ಬದಲಿಸಿ ಬದಲಿಸಿ ತೊಳೆಯಲೇಬೇಕು. ನಡುಚಳಿಯಲ್ಲಿ ಕುಂಡ ಬದಲಿಸುವುದು ಗಿಡಕ್ಕೆ ಕಷ್ಟ. ಪ್ಲಾಸ್ಟಿಕ್ ಕುಂಡದ ಗಿಡಗಳು ಮೊದಲೇ ಈ ಮಿಶ್ರಣದಲ್ಲಿದ್ದವು ಅನ್ನುವುದು ಅದೃಷ್ಟ.

ಬತ್ತಿ ತೂರಿಸಲು ಕುಂಡ ಬಿಡಿಸಬೇಕಾಗಿಲ್ಲ. ಉದ್ದ ದಪ್ಪ ಸೂಜಿಗೆ ದಾರ ಪೋಣಿಸಿ, ತಳದ ತೂತಿನಿಂದ ಮೇಲಕ್ಕೆ, ಸುಳಿಗೆ ದೂರವಾಗಿ ಅಂಚಿನ ಹತ್ತಿರ ಹೊರಬರುವಂತೆ ಚುಚ್ಚಿ ಎಳೆದೆ. ಮೇಲೆ ಉಳಿದ ತುದಿಯನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆ.

ಮೊದಲ ಯತ್ನ ಹತ್ತಿ ದಾರ. ನೀರು ಚೆನ್ನಾಗಿ ಎಳೆಯಿತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಡಬ್ಬಿಯೊಳಗಿನ ಭಾಗ ಲೋಳೆಯಾಗಿ, ಎಳೆದರೆ ತುಂಡಾಯಿತು. ಹತ್ತಿ ಕೊಳೆಯುತ್ತದೆ. ಅಕ್ರಿಲಿಕ್ ಅಥವಾ ನೈಲಾನ್ ಕೊಳೆಯುವುದಿಲ್ಲ.

ಎರಡನೆಯದು ನಾಲ್ಕೆಳೆ ಅಕ್ರಿಲಿಕ್ ಉಲ್ಲನ್. ಹೊಸ ದಾರಕ್ಕೆ ಎಣ್ಣೆ ಜಿಡ್ಡಿನಂಥದ್ದು ಇರುತ್ತದೆ, ನೀರು ಹಿಡಿಯುವುದಿಲ್ಲ. ಒಂದು ಹನಿ ಪಾತ್ರೆ ಸೋಪು ಹಾಕಿದ ಬಿಸಿನೀರಲ್ಲಿ ನೆನೆಸಿ ತೊಳೆದ ಮೇಲೆ ಸರಿಹೋಯಿತು. ಡಬ್ಬಿಯನ್ನು ಹೆಚ್ಚುಕಡಿಮೆ ಮುಚ್ಚಳದವರೆಗೆ ತುಂಬಿ ಕುಂಡ ಕೂರಿಸಿದೆ. ಕುಂಡದ ತಳಕ್ಕೂ ನೀರಿಗೂ 2 ಸೆಂ.ಮೀ. ಅಂತರ. ತೂಕ ಏರಿ 325ಕ್ಕೆ ನಿಂತಿತು. ಕೆಳಗಿಳಿಯಲೇ ಇಲ್ಲ. ಅಂದರೆ ಈಗಷ್ಟೇ ನೀರು ತುಂಬಿ ಸೋಸಿದ ಕುಂಡ ದಿನವೂ ಹಾಗೇ ಇದ್ದಂತೆ. ಬೇಸಿಗೆಯಲ್ಲಿ ಗಿಡ ಎಳೆದುಕೊಳ್ಳುತ್ತಿದ್ದರಿಂದ ಇದು ಗೊತ್ತಾಗುವುದಿಲ್ಲ. 13 ಡಿಗ್ರಿಯ ರಾತ್ರಿಗೆ ಇದು ಕೊಳೆಗೆ ಆಹ್ವಾನ.

ಬತ್ತಿ ದಪ್ಪವಾಯಿತು ಅಂದುಕೊಂಡು ದಾರ ಬಿಚ್ಚಿ ಎರಡೆಳೆ ಮಾಡಿದೆ. ಎಲ್ಲ ಕಡೆಯೂ ಸಿಗುವ ಸಲಹೆ ಇದೇ: ನೀರು ಜಾಸ್ತಿಯಾದರೆ ಬತ್ತಿ ತೆಳ್ಳಗೆ ಮಾಡಿ. ತಕ್ಕಡಿ ಬೇರೆಯೇ ಹೇಳಿತು. ತೂಕ ನಿಧಾನವಾಗಿ ಏರಿತು ನಿಜ, ಆದರೆ ಕೊನೆಗೆ ನಿಂತಿದ್ದು 320ರಲ್ಲಿ. ಬರೀ 5 ಗ್ರಾಂ ವ್ಯತ್ಯಾಸ. ಗಿಡ ಕುಡಿಯದೆ ಇರುವಾಗ ಸಣ್ಣ ಬತ್ತಿಗೂ ಬೇಕಾದಷ್ಟು ಸಮಯವಿರುತ್ತದೆ. ಇವತ್ತಲ್ಲ ನಾಳೆ ಅದೇ ಮಟ್ಟಕ್ಕೆ ತುಂಬುತ್ತದೆ. ಒಂದೆಳೆ ಮಾಡಿದಾಗ ಇನ್ನೊಂದು ತಾಪತ್ರಯ: ಮಣ್ಣಿನ ಜೊತೆ ಸಂಪರ್ಕ ತಪ್ಪಿ, ಒಂದು ಕುಂಡ ತುಂಬುತ್ತಾ ಇನ್ನೊಂದು ಒಣಗುತ್ತಾ ಹೋಯಿತು. ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಆಗ ಎಳೆಯ ಗೊಡವೆ ಬಿಟ್ಟು ಎತ್ತರ ಬದಲಿಸಿದೆ. ಅದೇ ಎರಡೆಳೆ ಬತ್ತಿ, ಆದರೆ ನೀರಿನ ಮಟ್ಟ ಕುಂಡದ ತಳದಿಂದ 10 ಸೆಂ.ಮೀ. ಕೆಳಗೆ. ಬತ್ತಿ ಅಷ್ಟು ಎತ್ತರಕ್ಕೆ ನೀರು ಹತ್ತಿಸಬೇಕು, ಜೊತೆಗೆ ಕುಂಡದೊಳಗೂ ಏರಬೇಕು. ಮಣ್ಣಿನ ದೊಡ್ಡ ಸಂದಿಗಳು ಖಾಲಿಯಾಗಿ ಗಾಳಿ ತುಂಬಿಕೊಂಡಿತು. ತೂಕ 270ಕ್ಕೆ ನಿಂತಿತು. ಇದೇ ನನಗೆ ಬೇಕಿದ್ದ ಹದ. ಮೇಲ್ಮಣ್ಣು ತಿಳಿ ಬಣ್ಣಕ್ಕೆ ತಿರುಗಿರುತ್ತದೆ, ಬೆರಳೊತ್ತಿದರೆ ತಣ್ಣಗಿದ್ದರೂ ಅಂಟುವುದಿಲ್ಲ.

ಹಂತ 7: ಎರಡು ಗೆರೆಯ ಡಬ್ಬಿ

ಎತ್ತರವೇ ಕೀಲಿ ಅಂತ ಗೊತ್ತಾದ ಮೇಲೆ ಡಬ್ಬಿ ಕಟ್ಟುವುದು ಸುಲಭ. 14 ಸೆಂ.ಮೀ. ಎತ್ತರ, 9 ಸೆಂ.ಮೀ. ಅಡ್ಡಳತೆಯ ಡಬ್ಬಿ. ಮುಚ್ಚಳದ ನಡುವೆ ಕಾಯಿಸಿದ ಮೊಳೆಯಿಂದ ತೂತು. ಮೊದಲು 5 ಮಿ.ಮೀ. ಮಾಡಿದ್ದೆ, ಒದ್ದೆ ಬತ್ತಿ ಅದರಲ್ಲಿ ಸಿಕ್ಕಿಕೊಂಡು ಒಳಗಿಳಿಯದೆ ಮುಚ್ಚಳದ ಮೇಲೇ ಸುರುಳಿಯಾಗಿತ್ತು. 10 ಮಿ.ಮೀ. ಸರಿಯಾಯಿತು. ಕುಂಡ ಮುಚ್ಚಳದ ಮೇಲೆ ಕೂರುತ್ತದೆ. ಬತ್ತಿಯ ಉದ್ದ 28 ಸೆಂ.ಮೀ.: ಕುಂಡದೊಳಗೆ 9, ಡಬ್ಬಿಯ ಎತ್ತರ 14, ತಳದಲ್ಲಿ ಮಲಗಲು 5.

ಡಬ್ಬಿಯ ಹೊರಗೆ ಮಾರ್ಕರಿನಲ್ಲಿ ಎರಡು ಗೆರೆ. ತಳದಿಂದ 4 ಸೆಂ.ಮೀ.ಗೆ ಚಳಿ ಗೆರೆ, 11 ಸೆಂ.ಮೀ.ಗೆ ಬೇಸಿಗೆ ಗೆರೆ. ಡಬ್ಬಿ ಅದೇ, ಬತ್ತಿ ಅದೇ, ತುಂಬುವ ಮಟ್ಟ ಮಾತ್ರ ಬೇರೆ. ಗೆರೆ ಇರುವ ಕಡೆ ಒಂದು ಬೆರಳಗಲ ಸೀಳು ಬಿಟ್ಟು ಉಳಿದ ಡಬ್ಬಿಗೆ ಕಪ್ಪು ಕಾಗದ ಸುತ್ತಿದೆ. ಬೆಳಕು ಬಿದ್ದರೆ ಒಳಗೆ ಪಾಚಿ ಖಂಡಿತ.

ಚಳಿ ಗೆರೆಯವರೆಗೆ ಸುಮಾರು 250 ಮಿ.ಲೀ. ನೀರು ಹಿಡಿಯುತ್ತದೆ. ಗಿಡ ದಿನಕ್ಕೆ ಆರೇಳು ಗ್ರಾಂ ಮಾತ್ರ ಖರ್ಚು ಮಾಡುವುದರಿಂದ ಅದು ತಿಂಗಳಿಗೂ ಮೇಲೆ ಬರುತ್ತದೆ. ಅಷ್ಟು ಹೊತ್ತು ನೀರು ನಿಂತರೆ ವಾಸನೆ ಬರುತ್ತದೆ. ಹಾಗಾಗಿ ಮೂರು ವಾರಕ್ಕೆ ಒಮ್ಮೆ ಉಳಿದದ್ದನ್ನು ಚೆಲ್ಲಿ ಡಬ್ಬಿ ತೊಳೆಯುತ್ತೇನೆ. ತಕ್ಷಣ ಮತ್ತೆ ತುಂಬುವುದಿಲ್ಲ. ತೂಕ 230ಕ್ಕೆ ಇಳಿಯುವ ತನಕ ಡಬ್ಬಿ ಖಾಲಿ. ಈ ವಿರಾಮದಲ್ಲಿ ಕುಂಡದ ತಳಕ್ಕೂ ಗಾಳಿಯಾಡುತ್ತದೆ.

ವಿರಾಮದ ನಂತರ ಒಂದು ಎಚ್ಚರ. ಒಣಗಿದ ಬತ್ತಿ ತಾನಾಗಿ ಮತ್ತೆ ಶುರುವಾಗುವುದಿಲ್ಲ. ಡಬ್ಬಿ ತುಂಬಿ ಸುಮ್ಮನಿದ್ದರೆ ಗಿಡ ಒಣಗುತ್ತಲೇ ಹೋಗುತ್ತದೆ, ಡಬ್ಬಿ ತುಂಬಿಯೇ ಇರುತ್ತದೆ, ನೋಡುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಕುಂಡವನ್ನು ಎತ್ತಿ ಹಿಡಿದು, ಬತ್ತಿ ಇರುವ ಅಂಚಿನಲ್ಲಿ ಬೆಚ್ಚಗಿನ ನೀರು ಮೆಲ್ಲಗೆ ಹೊಯ್ಯಬೇಕು. ಕೆಳಗೆ ನೇತಾಡುವ ಬತ್ತಿಯ ತುದಿಯಿಂದ ಹನಿ ಬೀಳುವುದು ಕಂಡರೆ ದಾರಿ ತೆರೆದುಕೊಂಡಿದೆ ಅಂತ ಅರ್ಥ. ಆಮೇಲೆ ಡಬ್ಬಿಯ ಮೇಲೆ ಕೂರಿಸಿದರೆ ಸರಿ.

ಗೊಬ್ಬರ: ಬತ್ತಿ ನೀರಿಗೆ ಬೆಚ್ಚಗಿನ ಕಾಲದಲ್ಲಿ 4 ಲೀಟರ್‌ಗೆ ಕಾಲು ಟೀ ಚಮಚ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಹಾಕುತ್ತಿದ್ದೆ. ಚಳಿಯಲ್ಲಿ ಅದರ ಅರ್ಧ, ಅದೂ ಒಂದು ಸಲ ಬಿಟ್ಟು ಒಂದು ಸಲ. ಬತ್ತಿ ಕುಂಡದಲ್ಲಿ ನೀರು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗುತ್ತದೆ, ಉಪ್ಪೆಲ್ಲ ಮೇಲೆ ಉಳಿಯುತ್ತದೆ. ಕುಂಡದ ಅಂಚಲ್ಲಿ ಬಿಳಿ-ಕಂದು ಪದರ ಕಂಡರೆ ಅದೇ. ಅದರ ಮೇಲೆ ಒರಗಿದ ತೊಟ್ಟು ಸುಟ್ಟು ಕಂದಾಗಿ ಎಲೆ ಮಲಗಿಬಿಡುತ್ತದೆ. ವಿರಾಮ ಮುಗಿಸುವಾಗ ಮೇಲಿನಿಂದ ಹೊಯ್ಯುವ ನೀರನ್ನು ಸ್ವಲ್ಪ ಜಾಸ್ತಿಯೇ ಹೊಯ್ದು, ಪೂರ್ತಿ ಸೋಸಿ ಹೋಗಲು ಬಿಟ್ಟರೆ ಉಪ್ಪೂ ತೊಳೆದು ಹೋಗುತ್ತದೆ. ಎರಡು ಕೆಲಸ ಒಂದೇ ಸಲಕ್ಕೆ.

ಹಂತ 8: ಥರ್ಮಾಕೋಲ್ ಗೆದ್ದಿತು, ಪರದೆ ಸೋತಿತು

ಶೆಲ್ಫಿನ ಹಲಗೆ ಕಲ್ಲಿನದು. ಮುಟ್ಟಿದರೆ ಕೈ ಕೊರೆಯುತ್ತದೆ. ಅದರ ಮೇಲೆ 25 ಮಿ.ಮೀ. ಥರ್ಮಾಕೋಲ್ ಹಾಸಿ ಡಬ್ಬಿಗಳನ್ನಿಟ್ಟೆ. ಬೆಳಗಿನ ಜಾವ ಡಬ್ಬಿಯೊಳಗಿನ ನೀರು ಮೊದಲಿಗಿಂತ ಒಂದೂವರೆ ಡಿಗ್ರಿ ಬೆಚ್ಚಗಿತ್ತು. ದೊಡ್ಡ ಲಾಭವೇನಲ್ಲ, ಆದರೆ ಖರ್ಚೂ ಇಲ್ಲ.

ಆಸೆ ಹೆಚ್ಚಾಗಿ ಶೆಲ್ಫಿನ ಮುಂದೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟೆ. ರಾತ್ರಿ ಒಳಗೆ 14.5 ಉಳಿಯಿತು. ಆದರೆ ಬೆಳಗ್ಗೆ ಪರದೆಯ ಒಳಮೈ ತುಂಬಾ ನೀರ ಹನಿ. ಮೇಲಿನ ಹಲಗೆಯಿಂದಲೂ ತೊಟ್ಟಿಕ್ಕಿ ಎರಡು ಗಿಡದ ಸುಳಿಗೆ ಬಿದ್ದಿತ್ತು. ಸ್ವಲ್ಪ ದಿನಕ್ಕೆ ಹೂವಿನ ತೊಟ್ಟುಗಳ ಮೇಲೆ ಹಿಟ್ಟು ಉದುರಿಸಿದಂಥ ಬಿಳಿ ಪುಡಿ: ಬೂದಿ ರೋಗ. ತಣ್ಣನೆ ರಾತ್ರಿ, ತೇವ, ಗಾಳಿಯಾಡದ ಜಾಗ, ಮೂರೂ ಸೇರಿದರೆ ಅದು ಬರುತ್ತದೆ. ಪರದೆ ತೆಗೆದೆ, ಬಿಳಿ ಬಂದ ಹೂಗಳನ್ನೆಲ್ಲ ಕಿತ್ತು ಹೊರಗೆ ಹಾಕಿದೆ, ಎಲೆ ಎಲೆಗೆ ತಾಗದಂತೆ ಕುಂಡಗಳನ್ನು ದೂರ ಸರಿಸಿದೆ. ಯುಎಸ್‌ಬಿಯಲ್ಲಿ ನಡೆಯುವ ಚಿಕ್ಕ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ಹಗಲಲ್ಲಿ ಹಾಕುತ್ತೇನೆ. ನೇರವಾಗಿ ಗಿಡಕ್ಕೆ ಬೀಸಬಾರದು. ಎರಡು ಡಿಗ್ರಿ ಬಿಸಿಗಿಂತ ಒಣ ಎಲೆಯೇ ಮೇಲು ಅನ್ನುವುದು ನನ್ನ ತೀರ್ಮಾನ.

ಈಗಿನ ಸ್ಥಿತಿ

ಪ್ಲಾಸ್ಟಿಕ್ ಕುಂಡದ ಮೂರು ಗಿಡ ಎರಡು ಗೆರೆಯ ಡಬ್ಬಿಯ ಮೇಲಿವೆ. ತೂಕ 230 ಮತ್ತು 270ರ ನಡುವೆ ಓಡಾಡುತ್ತದೆ. ಹೊಸ ಎಲೆ ಚಿಕ್ಕದಾಗಿ, ಒತ್ತೊತ್ತಾಗಿ ಬರುತ್ತಿದೆ, ಅದು ಚಳಿಯ ಗುರುತು. ಹೂ ಕಡಿಮೆ. ಕೆಸರಾಗಿರುವ ಕುಂಡ ಒಂದೂ ಇಲ್ಲ. ಅಂಚಲ್ಲಿ ಬಿಳಿ ಮಚ್ಚೆಯಿರುವ ತಳಿಯೊಂದರಲ್ಲಿ ಹೊಸ ಎಲೆಗಳು ಹೆಚ್ಚುಕಡಿಮೆ ಪೂರ್ತಿ ಬೆಳ್ಳಗೆ ಬರುತ್ತಿವೆ. ಮಚ್ಚೆ ತಳಿಗಳು ಚಳಿಯಲ್ಲಿ ಹಾಗೆ ಮಾಡುತ್ತವೆ, ಗೊಬ್ಬರ ಸುರಿದು ಹಸಿರು ಮಾಡಲು ಹೋಗಬಾರದು. ಬಿಸಿ ಬಂದಾಗ ತಾನಾಗಿ ಹಸಿರು ಮರಳುತ್ತದೆ.

ಮಣ್ಣಿನ ಕುಂಡದ ಎರಡಕ್ಕೆ ಬತ್ತಿ ಹಾಕಲಿಲ್ಲ. ಬತ್ತಿ ಎಳೆದ ನೀರನ್ನು ಕುಂಡದ ಗೋಡೆ ಆರಿಸುತ್ತಾ ಕೂರುತ್ತದೆ, ಬೇರು ತಣ್ಣಗಾಗುವುದು ನಿಲ್ಲುವುದಿಲ್ಲ. ಅವಕ್ಕೆ ತಕ್ಕಡಿಯ ಮೇಲಿಟ್ಟು 50 ಗ್ರಾಂ ಬೆಚ್ಚಗಿನ ನೀರು, ಅಷ್ಟೇ. ಚಳಿ ಕಳೆದ ಮೇಲೆ ಪ್ಲಾಸ್ಟಿಕ್ಕಿಗೆ ಬದಲಿಸುತ್ತೇನೆ.

ಚೀಲದೊಳಗಿನ ಗಿಡವನ್ನು ಮೊನ್ನೆ ಮೆಲ್ಲಗೆ ಎಳೆದು ನೋಡಿದೆ. ತಡೆ ಸಿಕ್ಕಿತು, ಅಂದರೆ ಬೇರು ಹಿಡಿದಿದೆ. ಚೀಲದ ಬಾಯಿಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯುತ್ತಿದ್ದೇನೆ. ನೆಟ್ಟ ಎರಡು ಎಲೆಗಳಲ್ಲಿ ಒಂದು ತೊಟ್ಟಲ್ಲೇ ಕೊಳೆಯಿತು. ಇನ್ನೊಂದು ಗಟ್ಟಿಯಾಗಿದೆ, ಮರಿ ಇನ್ನೂ ಕಂಡಿಲ್ಲ.

ರಾತ್ರಿಯ ಕನಿಷ್ಠ ಸತತವಾಗಿ 16 ದಾಟಲು ಶುರುವಾದಾಗ ಚಳಿ ಗೆರೆಯಿಂದ ನೇರ ಬೇಸಿಗೆ ಗೆರೆಗೆ ಹಾರುವುದಿಲ್ಲ. ನಡುವೆ 7 ಸೆಂ.ಮೀ.ಗೆ ಮೂರನೆಯ ಗೆರೆ ಹಾಕಿಟ್ಟಿದ್ದೇನೆ. ಅಲ್ಲಿ ತೂಕ ಎಷ್ಟಕ್ಕೆ ನಿಲ್ಲುತ್ತದೆ ಅಂತ ನೋಡಿ, 300 ದಾಟದಿದ್ದರೆ ಮಾತ್ರ ಮೇಲಿನ ಗೆರೆಗೆ.